ಅಡುಗೆ ಕೋಣೆ ಒಡೆಯುವ ಮೊದಲು ಒಮ್ಮೆ ಉಜ್ಜಿ ನೋಡಿ

ಕಡಿಮೆ ಖರ್ಚು, ಮನೆಯವರದ್ದೇ ಕೈಕೆಲಸ, ಹಳೆ ಕೋಣೆಗೆ ಹೊಸ ಕಳೆ

ಮನೆಯಲ್ಲಿ ಮದುವೆ ನಿಶ್ಚಯ ಆಯಿತು ಅಂದರೆ ಮೊದಲು ಬಣ್ಣ ಕಾಣುವುದು ಹೊರಗಿನ ಗೋಡೆ. ಆಮೇಲೆ ಚಾವಡಿ, ಆಮೇಲೆ ಮಲಗುವ ಕೋಣೆ. ಅಡುಗೆ ಕೋಣೆಯ ಸರದಿ ಬರುವಷ್ಟರಲ್ಲಿ ಕೈಯಲ್ಲಿದ್ದ ಹಣವೂ ಮುಗಿದಿರುತ್ತದೆ, ದಿನವೂ ಹತ್ತಿರ ಬಂದಿರುತ್ತದೆ. "ಅದು ಹೇಗೂ ಒಳಗೆ ತಾನೆ, ಯಾರು ನೋಡ್ತಾರೆ?" ಎಂದು ಗಂಡಸರು ಮಾತು ಮುಗಿಸಿಬಿಡುತ್ತಾರೆ. ನೋಡುವವರು ಇದ್ದಾರೆ. ಬೆಳಗ್ಗಿನ ಚಹಾದಿಂದ ರಾತ್ರಿಯ ಪಾತ್ರೆ ತೊಳೆಯುವವರೆಗೆ, ರಮಳಾನಿನಲ್ಲಿ ಸಹರಿಯ ಹೊತ್ತಿಗೂ ಅದೇ ಕೋಣೆಯಲ್ಲಿ ನಿಲ್ಲುವ ಉಮ್ಮ, ಸೊಸೆ, ಮಗಳು ದಿನಾ ನೋಡುತ್ತಾರೆ. ಮನೆಯ ಬೇರೆ ಯಾವ ಕೋಣೆಯೂ ಅಷ್ಟು ಹೊತ್ತು ಬಳಕೆಯಾಗುವುದಿಲ್ಲ.

ನಮ್ಮ ಕಡೆ ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಗಲ್ಫ್ ದುಡಿಮೆಯಲ್ಲಿ ಎದ್ದ ಮನೆಗಳ ಅಡುಗೆ ಕೋಣೆಗಳನ್ನು ನೆನಪು ಮಾಡಿಕೊಳ್ಳಿ. ಕಡಪ ಕಲ್ಲಿನ ಕಪ್ಪು ಕಟ್ಟೆ, ಅದರ ಮೇಲೆ ನಾಲ್ಕೈದು ಸಾಲು ಬಿಳಿ ಟೈಲ್ಸ್, ಬಾಗಿಲಿಲ್ಲದ ಸಿಮೆಂಟ್ ಶೆಲ್ಫ್, ಮಾಡಿನ ನಡುವೆ ಒಂದು ಟ್ಯೂಬ್‌ಲೈಟ್. ಕಟ್ಟುವಾಗ ಅದೇ ದೊಡ್ಡ ಸಂಗತಿ. ಈಗ ಟೈಲ್ಸಿನ ಸಂದು ಕಪ್ಪಾಗಿದೆ, ಕಪಾಟಿನ ಬಾಗಿಲು ಜೋತು ಬಿದ್ದಿದೆ, ಒಲೆಯ ಮೇಲಿನ ಗೋಡೆಗೆ ಕೈ ತಾಗಿದರೆ ಅಂಟುತ್ತದೆ. "ಎಲ್ಲ ಒಡೆದು ಮಾಡ್ಯುಲರ್ ಮಾಡಿಸೋಣ" ಎಂಬ ಮಾತು ಏಳುವುದು ಇಲ್ಲಿಂದ.

ಮಾಡ್ಯುಲರ್ ತಪ್ಪಲ್ಲ, ಕೈಯಲ್ಲಿ ಹಣ ಇದ್ದವರು ಮಾಡಿಸಲಿ. ಆದರೆ ಅದು ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕಾಗಿ ಕಂತು ಕಟ್ಟುವ, ಚಿನ್ನ ಅಡವಿಡುವ, ಊರಿಗೆ ಬರುವ ರಜೆಯನ್ನೇ ಮುಂದೂಡುವ ಮನೆಗಳು ನಮ್ಮಲ್ಲಿ ಕಡಿಮೆ ಏನಿಲ್ಲ. ಒಮ್ಮೆ ಸರಿಯಾಗಿ ನೋಡಿ. ಹಳೆ ಅಡುಗೆ ಕೋಣೆಯಲ್ಲಿ ಕಲ್ಲು, ಗೋಡೆ, ಟೈಲ್ಸ್ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತವೆ. ಹಾಳಾದದ್ದು ನಾಲ್ಕೇ: ಮೇಲೆ ಕೂತ ಜಿಡ್ಡು, ಸಂದುಗಳು, ಬಾಗಿಲುಗಳು, ಬೆಳಕು. ಈ ನಾಲ್ಕನ್ನೂ ಮನೆಯವರೇ ಸರಿ ಮಾಡಬಹುದು.

ಮೊದಲು ಹೊರಗೆ ಹಾಕಿ

ಪೇಂಟ್ ಅಂಗಡಿಗೆ ಓಡಬೇಡಿ. ಒಂದು ಭಾನುವಾರ ಎಲ್ಲ ಶೆಲ್ಫ್ ಖಾಲಿ ಮಾಡಿ, ಸಾಮಾನು ಅಂಗಳದಲ್ಲೋ ಚಾವಡಿಯಲ್ಲೋ ಹರಡಿ. ಮುಚ್ಚಳವಿಲ್ಲದ ಡಬ್ಬ, ತಳ ಸುಟ್ಟ ಪಾತ್ರೆ, ಕೆಟ್ಟ ಮಿಕ್ಸಿ, ಯಾವುದೋ ಮದುವೆಯಲ್ಲಿ ಸಿಕ್ಕಿ ಇವತ್ತಿಗೂ ಪೆಟ್ಟಿಗೆ ಬಿಚ್ಚದ ಗಾಜಿನ ಸೆಟ್. ವರ್ಷದಿಂದ ಮುಟ್ಟದ್ದು ಗುಜರಿಗೆ ಹೋಗಲಿ, ಒಳ್ಳೆಯದಿದ್ದರೆ ಬೇಕಾದವರಿಗೆ ಹೋಗಲಿ. ಬಿರಿಯಾನಿಯ ದೊಡ್ಡ ಪಾತ್ರೆಗಳು ವರ್ಷಕ್ಕೆ ನಾಲ್ಕು ಸಲ ಬೇಕಾಗುವಂಥವು. ಅವು ಕಟ್ಟೆಯ ಕೆಳಗೆ ಕೈಗೆ ಸಿಗುವ ಜಾಗದಲ್ಲಿ ಇರಬೇಕಾಗಿಲ್ಲ, ಅಟ್ಟಕ್ಕೆ ಹತ್ತಲಿ. ದಿನದ ಪಾತ್ರೆ ಸೊಂಟದಿಂದ ಭುಜದ ಎತ್ತರದೊಳಗೆ ಇರಲಿ. "ನಮ್ಮದು ಚಿಕ್ಕ ಅಡುಗೆ ಕೋಣೆ" ಎನ್ನುವ ದೂರು ಅರ್ಧ ಇಲ್ಲಿಗೇ ಮುಗಿಯುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಖಾಲಿಯಾದ ಶೆಲ್ಫಿನ ಮೂಲೆ ನೋಡಿಕೊಳ್ಳಿ. ಮಣ್ಣಿನ ಗೆರೆ ಎದ್ದಿದ್ದರೆ ಗೆದ್ದಲು. ಅದಕ್ಕೆ ಮದ್ದು ಮಾಡದೆ ಮೇಲೆ ಬಣ್ಣ ಬಳಿದರೆ ಪ್ರಯೋಜನ ಇಲ್ಲ.

ಜಿಡ್ಡು ತೆಗೆಯುವ ಸೋಡಾ

ಮೀನು ಹುರಿದದ್ದು, ಸಮೋಸ ಕಾಯಿಸಿದ್ದು, ಸುಕ್ಕಕ್ಕೆ ಮಸಾಲೆ ಬಾಡಿಸಿದ್ದು ಎಲ್ಲದರ ಎಣ್ಣೆಯೂ ಆವಿಯ ಜೊತೆ ಗೋಡೆಗೆ, ಫ್ಯಾನಿಗೆ, ಕಪಾಟಿನ ನೆತ್ತಿಗೆ ಹೋಗಿ ಕೂತಿರುತ್ತದೆ. ಅದರ ಮೇಲೆ ಧೂಳು. ಬರೀ ಸೋಪಿಗೆ ಅದು ಬಿಡುವುದಿಲ್ಲ. ದಿನಸಿ ಅಂಗಡಿಯಲ್ಲಿ ಸಿಗುವ ವಾಷಿಂಗ್ ಸೋಡಾ ತನ್ನಿ. ಒಂದು ಲೀಟರ್ ಬಿಸಿ ನೀರಿಗೆ ಒಂದು ದೊಡ್ಡ ಚಮಚ ಹಾಕಿ, ಕೈಗೆ ಗ್ಲೌಸ್ ಹಾಕಿಕೊಂಡು ಟೈಲ್ಸಿಗೆ ಬಟ್ಟೆಯಿಂದ ಹಚ್ಚಿ. ಐದು ಹತ್ತು ನಿಮಿಷ ಬಿಟ್ಟು ಉಜ್ಜಿ, ಬರೀ ನೀರಿನಲ್ಲಿ ಎರಡು ಸಲ ಒರೆಸಿ. ಎಕ್ಸಾಸ್ಟ್ ಫ್ಯಾನಿನ ರೆಕ್ಕೆಯನ್ನೂ ಇದರಲ್ಲೇ ತೊಳೆಯಬಹುದು, ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ ಮಾತ್ರ. ರೆಕ್ಕೆ ಅಲ್ಯುಮಿನಿಯಂನದ್ದಾದರೆ ಬೇಡ. ಅಲ್ಯುಮಿನಿಯಂ ಪಾತ್ರೆಗೂ ವಾಷಿಂಗ್ ಸೋಡಾ ತಾಗಿಸಬೇಡಿ, ಕಪ್ಪಾಗುತ್ತದೆ. ಬಣ್ಣ ಬಳಿದ ಮರಕ್ಕೆ ಪಾತ್ರೆ ತೊಳೆಯುವ ಸೋಪಿನ ತೆಳು ನೀರು ಸಾಕು.

ಒಂದು ಎಚ್ಚರಿಕೆ ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರವದ ಜೊತೆ ಆಸಿಡ್, ವಿನೆಗರ್, ಬಾತ್‌ರೂಮ್ ಕ್ಲೀನರ್ ಯಾವುದನ್ನೂ ಸೇರಿಸಬಾರದು. ಏಳುವ ಗಾಳಿ ಕ್ಲೋರಿನ್, ಮುಚ್ಚಿದ ಕೋಣೆಯಲ್ಲಿ ಉಸಿರಿಗೇ ಅಪಾಯ. "ಎರಡೂ ಹಾಕಿದರೆ ಹೆಚ್ಚು ಬೆಳ್ಳಗಾಗ್ತದೆ" ಎನ್ನುವವರ ಮಾತು ಕೇಳಬೇಡಿ.

ಕಟ್ಟೆಯ ಕಲ್ಲು ಯಾವುದೆಂದು ಗೊತ್ತಿರಲಿ

ಕಡಪ ಮತ್ತು ಗ್ರಾನೈಟ್ ಎರಡೂ ಕಪ್ಪೇ. ಆದರೆ ಗುಣ ಬೇರೆ. ಕಡಪ ಸುಣ್ಣದ ಕಲ್ಲಿನ ಜಾತಿ. ಲಿಂಬೆ, ಹುಣಸೆ, ವಿನೆಗರ್, ಆಸಿಡ್ ತಾಗಿದಲ್ಲಿ ಅದರ ಹೊಳಪು ತಿಂದುಹೋಗಿ ಬಿಳಿಚಿದ ಕಲೆ ಉಳಿಯುತ್ತದೆ. ದಿನಾ ಮೀನು ತೊಳೆದು ಹುಣಸೆ ಹಿಂಡುವ ನಮ್ಮ ಕಟ್ಟೆಗಳು ಮಂಕಾಗಿರುವುದು ಇದರಿಂದಲೇ. ಗ್ರಾನೈಟ್ ಹುಳಿಗೆ ಅಷ್ಟು ಬೇಗ ಸೋಲುವುದಿಲ್ಲ. ನಿಮ್ಮದು ಯಾವುದು ಎಂದು ಗೊತ್ತಿಲ್ಲದಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಎರಡು ಹನಿ ಲಿಂಬೆ ರಸ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ಸಣ್ಣ ಗುಳ್ಳೆ ಎದ್ದರೆ ಅಥವಾ ಅಲ್ಲಿ ಮಂಕಾದರೆ ಅದು ಕಡಪ.

ಕಡಪ ಕಟ್ಟೆಯನ್ನು ಆಸಿಡ್ ಹಾಕಿ ತಿಕ್ಕಬೇಡಿ. ತೆಳು ಸೋಪು ನೀರಿನಲ್ಲಿ ತೊಳೆದು ಒಂದು ದಿನ ಪೂರ್ತಿ ಒಣಗಿಸಿ. ಹೊಳಪಿಗೆ ತೆಂಗಿನೆಣ್ಣೆ ಸವರುವ ರೂಢಿ ಇದೆ, ಎರಡು ದಿನ ಚಂದ ಕಾಣುತ್ತದೆ, ಆಮೇಲೆ ಅಂಟು ಅಂಟಾಗಿ ಧೂಳು ಹಿಡಿಯುತ್ತದೆ. ಅದರ ಬದಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಲ್ಲಿನ ಸೀಲರ್ ತೆಳುವಾಗಿ ಹಚ್ಚಿ. ಡಬ್ಬದ ಮೇಲೆ ಅಡುಗೆ ಕಟ್ಟೆಗೆ ಆಗುತ್ತದೆಂದು ಬರೆದಿರಬೇಕು, ಅದನ್ನು ನೋಡಿಕೊಂಡು ತನ್ನಿ. ಹುಳಿ ತಿಂದ ಕಲೆ ಆಳವಾಗಿದ್ದರೆ ಮಾರ್ಬಲ್ ಪಾಲಿಶ್ ಮಾಡುವವರನ್ನು ಕರೆಸಿ ಅದೇ ಕಲ್ಲನ್ನು ಉಜ್ಜಿಸುವುದು ಹೊಸ ಕಲ್ಲಿಗಿಂತ ಎಷ್ಟೋ ಅಗ್ಗ. ಮೀನು, ಲಿಂಬೆ ಕೊಯ್ಯುವ ಜಾಗಕ್ಕೆ ಮಾತ್ರ ಗ್ರಾನೈಟ್ ಅಂಗಡಿಯಲ್ಲಿ ಉಳಿದ ಒಂದು ತುಂಡು ತಂದು ಕಟ್ಟೆಯ ಮೇಲೆ ಇಟ್ಟರೂ ಆಯಿತು.

ಕಟ್ಟೆಯ ಎತ್ತರವನ್ನೂ ನೋಡಿ. ನಿಂತು ಕೆಲಸ ಮಾಡುವವರ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗೆ ಇದ್ದರೆ ಬೆನ್ನಿಗೆ ಹಿತ. ಹಳೆ ಕಟ್ಟೆ ತಗ್ಗಾಗಿದ್ದರೆ ತರಕಾರಿ ಕೊಯ್ಯುವ ಹಲಗೆಯ ಕೆಳಗೆ ನಾಲ್ಕು ಗಟ್ಟಿ ಮರದ ಕಾಲು ಹೊಡೆಸಿ ಎತ್ತರಿಸಿ. ಗಂಟು ನೋವಿನ ಉಮ್ಮನಿಗೆ ಒಂದು ಮೂಲೆಯಲ್ಲಿ ಪುಟ್ಟ ಮೇಜು, ಕುರ್ಚಿ ಇಡಿ. ಪತ್ತಿರಿ ಲಟ್ಟಿಸುವುದು, ಬೆಳ್ಳುಳ್ಳಿ ಸುಲಿಯುವುದು ಎಲ್ಲ ಕೂತೇ ಆಗುವ ಕೆಲಸ.

ಟೈಲ್ಸ್ ಅಲ್ಲ, ಸಂದು ಹಳತಾದದ್ದು

ತೊಳೆದ ಮೇಲೆ ಟೈಲ್ಸ್ ನೋಡಿ. ಬಿಳಿ ಟೈಲ್ಸ್ ಬಿಳಿಯಾಗಿಯೇ ಇರುತ್ತದೆ, ನಡುವಿನ ಗೆರೆ ಮಾತ್ರ ಕಪ್ಪು. ಆ ಗೆರೆಯನ್ನು ಹಳೆ ಸ್ಕ್ರೂಡ್ರೈವರಿನಿಂದ ಎರಡು ಮೂರು ಮಿಲಿಮೀಟರ್ ಆಳಕ್ಕೆ ಕೆರೆದು, ಬ್ರಶ್ಶಿನಿಂದ ಪುಡಿ ತೆಗೆಯಿರಿ. ಟೈಲ್ ಗ್ರೌಟ್ ಪುಡಿಯನ್ನು ಟೂತ್‌ಪೇಸ್ಟಿನ ಹದಕ್ಕೆ ಕಲಸಿ, ರಬ್ಬರ್ ತುಂಡಿನಿಂದ ಸಂದಿಗೆ ಒತ್ತಿ ತುಂಬಿ. ಹದಿನೈದು ಇಪ್ಪತ್ತು ನಿಮಿಷದ ಮೇಲೆ ಹಿಂಡಿದ ಸ್ಪಂಜಿನಿಂದ ಟೈಲ್ಸ್ ಒರೆಸಿ. ಒಂದು ದಿನ ನೀರು ತಾಗಿಸಬೇಡಿ. ಒಂದು ಸಲಕ್ಕೆ ಒಂದು ಚದರ ಗಜದಷ್ಟು ಜಾಗ ಮಾತ್ರ ಹಿಡಿಯಿರಿ, ಅವಸರ ಬೇಡ.

ಬಣ್ಣ ಆರಿಸುವಾಗ ಬಿಳಿ ಬಿಟ್ಟು ಬೂದು ತೆಗೆದುಕೊಳ್ಳಿ. ಅರಿಶಿನ ಬಿಳಿಯನ್ನು ವಾರದಲ್ಲೇ ಹಳದಿ ಮಾಡುತ್ತದೆ. ಸಿಂಕಿನ ಹಿಂದೆ, ಒಲೆಯ ಹಿಂದೆ ಮಾತ್ರ ಎಪಾಕ್ಸಿ ಗ್ರೌಟ್ ಹಾಕಬಹುದು. ಬೆಲೆ ಹೆಚ್ಚು, ಆದರೆ ನೀರು ಹೀರುವುದಿಲ್ಲ, ಕಲೆಯೂ ಸುಲಭದಲ್ಲಿ ಹಿಡಿಯುವುದಿಲ್ಲ. ಅದು ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಬೇಕು.

ಒಂದೆರಡು ಟೈಲ್ಸ್ ಒಡೆದಿದ್ದರೆ ಅದೇ ನಮೂನೆ ಹುಡುಕಿ ಮಂಗಳೂರು ಪೂರಾ ಅಲೆಯಬೇಕಾಗಿಲ್ಲ, ಸಿಗುವುದೂ ಇಲ್ಲ. ಅಳತೆ ಒಂದೇ ಇದ್ದು ಬಣ್ಣ ಬೇರೆ ಇರುವ ನಾಲ್ಕು ಟೈಲ್ಸ್ ತಂದು ಅಲ್ಲಲ್ಲಿ ಕೂರಿಸಿ. ಬೇಕೆಂದೇ ಮಾಡಿದ ವಿನ್ಯಾಸದ ಹಾಗೆ ಕಾಣುತ್ತದೆ. ಟೈಲ್ಸ್ ಮೇಲೆ ಅಂಟಿಸುವ ಸ್ಟಿಕರ್ ಹಾಳೆಗಳು ಈಗ ಎಲ್ಲ ಕಡೆ ಸಿಗುತ್ತವೆ. ಒಲೆಯಿಂದ ದೂರದ ಗೋಡೆಗಾದರೆ ಸರಿ, ಬೆಂಕಿಯ ಹತ್ತಿರ ಬೇಡ.

ಸಿಂಕಿನ ಸುತ್ತ, ಕಟ್ಟೆ ಮತ್ತು ಗೋಡೆ ಸೇರುವ ಗೆರೆಯಲ್ಲಿ ಬಿರುಕು ಇದ್ದರೆ ನೀರು ಇಳಿದು ಕೆಳಗಿನ ಮರ ಕೊಳೆಯುತ್ತದೆ, ಜಿರಳೆಗೂ ಅದೇ ದಾರಿ. ಹಳೆಯದನ್ನು ಕೆರೆದು, ರಾತ್ರಿ ಪೂರ್ತಿ ಒಣಗಿಸಿ, ಎರಡೂ ಬದಿಗೆ ಟೇಪ್ ಹಚ್ಚಿ, ನಡುವೆ ಸಿಲಿಕೋನ್ ಬಿಟ್ಟು ಸೋಪು ನೀರಿನ ಬೆರಳಿನಿಂದ ಸವರಿ. ಹಸಿ ಇರುವಾಗಲೇ ಟೇಪ್ ತೆಗೆಯಿರಿ.

ಗೋಡೆ: ಚಂಡಿ ಹೋಗದೆ ಬಣ್ಣ ಇಲ್ಲ

ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಪೇಂಟ್ ಮಾಡಬೇಡಿ. ಡಿಸೆಂಬರಿನಿಂದ ಏಪ್ರಿಲಿನವರೆಗೆ ಒಳ್ಳೆಯ ಕಾಲ. ಗೋಡೆ ಒಣಗಿದೆಯೋ ಇಲ್ಲವೋ ತಿಳಿಯಲು ಒಂದೂವರೆ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಪ್ಲಾಸ್ಟಿಕ್ಕಿನ ಒಳಗಡೆ ಬೆವರಿದ್ದರೆ ಗೋಡೆಯೊಳಗೇ ಚಂಡಿ ಇದೆ ಎಂದು ಅರ್ಥ. ಪೈಪ್ ಸೋರುತ್ತಿರಬೇಕು, ಇಲ್ಲವೇ ಹೊರಗಿನ ಸಾರಣೆ ಬಿರುಕು ಬಿಟ್ಟಿರಬೇಕು, ಹಂಚು ಸರಿದಿರಬೇಕು. ಅದನ್ನು ಸರಿ ಮಾಡದೆ ಎಂಥ ದುಬಾರಿ ಪೇಂಟ್ ಹಾಕಿದರೂ ಮುಂದಿನ ಮಳೆಗೆ ಹಪ್ಪಳದ ಹಾಗೆ ಏಳುತ್ತದೆ. ಹೊರಗಡೆ ಮಾತ್ರ ಬೆವರಿದ್ದರೆ ಅದು ಅಡುಗೆಯ ಆವಿ, ಅದಕ್ಕೆ ಮದ್ದು ಗಾಳಿ.

ಕೆಂಪುಕಲ್ಲಿಗೆ ಸುಣ್ಣದ ಸಾರಣೆ ಮಾಡಿದ ತೀರ ಹಳೆ ಮನೆಯಾದರೆ ಪ್ಲಾಸ್ಟಿಕ್ ಪೇಂಟ್ ಬೇಡ. ಆ ಗೋಡೆ ಹೀರಿದ ಚಂಡಿಯನ್ನು ಹೊರಗೆ ಬಿಡಬೇಕು. ಅದಕ್ಕೆ ಸುಣ್ಣವೇ ಸರಿ, ಎಲ್ಲಕ್ಕಿಂತ ಅಗ್ಗವೂ ಅದೇ. ಸುಣ್ಣ ಬಳಿಯುವಾಗ ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ದೂರ ಇರಲಿ.

ಉಳಿದ ಗೋಡೆಗೆ ಒರೆಸಲು ಬರುವ ಇಮಲ್ಶನ್ ಸಾಕು. ಹೊಗೆಯಿಂದ ಕಪ್ಪಾದ ಜಾಗಕ್ಕೆ ಮಾತ್ರ ಮೊದಲು ಆಯಿಲ್ ಪ್ರೈಮರ್ ಒಂದು ಕೋಟ್ ಬೇಕು. ನೇರ ಬಳಿದರೆ ಮಸಿಯ ಕಲೆ ಮತ್ತೆ ಹೊರಗೆ ಬರುತ್ತದೆ. ಎಷ್ಟು ತರಬೇಕು ಎಂಬ ಲೆಕ್ಕ ಹೀಗೆ: 8 ಅಡಿಗೆ 10 ಅಡಿಯ ಕೋಣೆ, ಗೋಡೆ 10 ಅಡಿ ಎತ್ತರ ಅಂದರೆ ಒಟ್ಟು 360 ಚದರ ಅಡಿ. ಟೈಲ್ಸ್, ಬಾಗಿಲು, ಕಿಟಕಿ, ಕಪಾಟು ಕಳೆದರೆ ಹತ್ತಿರ ಹತ್ತಿರ 200 ಉಳಿಯುತ್ತದೆ. ಎರಡು ಕೋಟಿಗೆ ನಾಲ್ಕು ಲೀಟರಿನ ಒಂದು ಡಬ್ಬ ಸಾಕಾಗುತ್ತದೆ. ಬಣ್ಣ ತಿಳಿಯಾಗಿರಲಿ, ಕತ್ತಲೆ ಕೋಣೆ ಅರ್ಧ ಬೆಳಗುತ್ತದೆ.

ಕಪಾಟಿನ ಬಾಗಿಲು

ಬಾಗಿಲು ಜೋತು ಬಿದ್ದಿದ್ದರೆ ಮರ ಹೋಯಿತು ಎಂದುಕೊಳ್ಳಬೇಡಿ, ಮೊದಲು ಹಿಂಜಸ್ ಬಿಗಿ ಮಾಡಿ. ಸ್ಕ್ರೂ ಹಿಡಿಯದಿದ್ದರೆ ತೂತಿಗೆ ಫೆವಿಕಾಲ್ ಅದ್ದಿದ ಬೆಂಕಿಕಡ್ಡಿ ತುಂಬಿ, ಒಣಗಿಸಿ, ಮತ್ತೆ ಸ್ಕ್ರೂ ಹಾಕಿ. ಬಣ್ಣ ಬಳಿಯುವುದಾದರೆ ಬಾಗಿಲು ಬಿಚ್ಚಿ ಅಂಗಳದಲ್ಲಿ ಮಲಗಿಸಿ. ಜಿಡ್ಡು ತೆಗೆದು, 120 ನಂಬರಿನ ಎಮ್ರಿ ಪೇಪರ್, ಆಮೇಲೆ 220, ಆಮೇಲೆ ಪ್ರೈಮರ್, ಕೊನೆಗೆ ಎನಾಮಲ್ ಎರಡು ತೆಳು ಕೋಟ್. ಒಂದು ದಪ್ಪ ಕೋಟಿಗಿಂತ ಎರಡು ತೆಳು ಕೋಟ್ ಬಾಳಿಕೆ. ಮೈಕಾ ಹಾಳೆಯ ಬಾಗಿಲಾದರೆ 220 ಪೇಪರಿನಿಂದ ಹೊಳಪು ಹೋಗುವಷ್ಟೇ ಉಜ್ಜಿದರೆ ಸಾಕು, ಆದರೆ ಪ್ರೈಮರ್ ತಪ್ಪಿಸಬೇಡಿ.

ಹ್ಯಾಂಡಲ್ ಬದಲಿಸಿದರೆ ಹಳೆ ಬಾಗಿಲಿಗೂ ಹೊಸ ಮುಖ ಬರುತ್ತದೆ. ತರುವ ಮುಂಚೆ ಎರಡು ತೂತುಗಳ ನಡುವಿನ ಅಂತರ ಅಳೆಯಿರಿ. ಸಾಮಾನ್ಯವಾಗಿ 96 ಅಥವಾ 128 ಮಿಲಿಮೀಟರ್ ಇರುತ್ತದೆ. ಅದೇ ಅಳತೆ ತಂದರೆ ಹೊಸ ತೂತು ಕೊರೆಯುವ ಕೆಲಸ ಇಲ್ಲ.

ಸಿಂಕಿನ ಕೆಳಗೆ ನೀರು ಕುಡಿದು ಊದಿದ ಹಲಗೆಯನ್ನು ಮಾತ್ರ ಯಾವ ಬಣ್ಣವೂ ಉಳಿಸುವುದಿಲ್ಲ, ಬದಲಿಸಲೇಬೇಕು. ಪ್ಲೈವುಡ್ ಹಾಕುವುದಾದರೆ ಐಎಸ್ 710 ಎಂಬ ಗುರುತು ಇರುವ ನೀರು ತಡೆಯುವ ಪ್ಲೈ ಕೇಳಿ ತನ್ನಿ. ಎಂಆರ್ ಎಂದು ಬರೆದದ್ದು ಸಿಂಕಿನ ಕೆಳಗೆ ಬಾಳುವುದಿಲ್ಲ. ಅಲ್ಲಿಗೆ ಪಿವಿಸಿ ಬಾಗಿಲೂ ಸಾಕು.

ಬೆಳಕು, ಗಾಳಿ

ಕೋಣೆಯ ನಡುವಿನ ದೀಪ ಕಟ್ಟೆಗೆ ಮುಖ ಮಾಡಿ ನಿಂತವರ ಬೆನ್ನಿಗೆ ಬೀಳುತ್ತದೆ. ಕತ್ತಿಯ ಮೇಲೆ ಅವರದ್ದೇ ನೆರಳು. ಸಂಜೆ ಮೀನು ಕೊಯ್ಯುವಾಗ ಬೆರಳು ಕೊಯ್ಯಲು ಇದೂ ಒಂದು ಕಾರಣ. ಕಟ್ಟೆಯ ಮೇಲಿನ ಶೆಲ್ಫಿನ ಅಡಿಗೆ ಒಂದು ಎಲ್‌ಇಡಿ ಪಟ್ಟಿ ದೀಪ ಬಂದರೆ ಅಡುಗೆ ಕೋಣೆಯೇ ಬೇರೆ ಕಾಣುತ್ತದೆ.

ಹಂಚಿನ ಮಾಡಿನ ಮನೆಯವರಿಗೆ ಇನ್ನೂ ಸುಲಭದ ದಾರಿ ಇದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಊರೂರಿಗೆ ಹಬ್ಬಿದ ಮಂಗಳೂರು ಹಂಚಿನ ಒಂದು ಗುಣವೆಂದರೆ ಒಂದೊಂದೇ ಬಿಡಿಸಿ ಬದಲಿಸಬಹುದು. ಅಡುಗೆ ಕೋಣೆಯ ಮೇಲೆ ಎರಡು ಮೂರು ಹಂಚು ತೆಗೆದು ಅದೇ ಅಚ್ಚಿನ ಗಾಜಿನ ಹಂಚು ಕೂರಿಸಿದರೆ ಹಗಲಿಗೆ ಕರೆಂಟೇ ಬೇಡ. ಮಾಡು ಹತ್ತುವ ಕೆಲಸ ಅಭ್ಯಾಸ ಇದ್ದವರಿಗೇ ಬಿಡಿ.

ಕಿಟಕಿಯ ಬಲೆ ತೊಳೆದು ಎಷ್ಟು ವರ್ಷ ಆಯಿತು? ಜಿಡ್ಡು ಕಟ್ಟಿದ ಬಲೆಯಲ್ಲಿ ಗಾಳಿ ಬರುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕುವುದಾದರೆ ಒಲೆಯ ಹತ್ತಿರ, ಎತ್ತರದಲ್ಲಿ ಇರಲಿ, ಅದರ ಎದುರಿನ ಕಿಟಕಿಯೋ ಬಾಗಿಲೋ ತೆರೆದಿರಲಿ. ಒಳಗೆ ಗಾಳಿ ಬರದೆ ಹೊರಗೆ ಹೊಗೆ ಹೋಗುವುದಿಲ್ಲ.

ನೀವೇ ಮಾಡಬಾರದ ಎರಡು ಕೆಲಸ

ಗ್ಯಾಸ್ ಮತ್ತು ಕರೆಂಟ್. ಇವೆರಡರಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಗ್ಯಾಸ್ ಪೈಪ್ ಐಎಸ್‌ಐ ಗುರುತಿನದ್ದೇ ಇರಲಿ. ಏಜೆನ್ಸಿಯವರು ಕೊಡುವ ಸುರಕ್ಷಾ ಪೈಪನ್ನೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು, ತಾರೀಕು ಪೈಪಿನ ಮೇಲೆಯೇ ಇರುತ್ತದೆ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಅಂದಕ್ಕೆಂದು ಸಿಲಿಂಡರಿಗೆ ಬಾಗಿಲು ಮಾಡಿಸಿ ಪೂರ್ತಿ ಮುಚ್ಚುವವರಿದ್ದಾರೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಬಾಗಿಲು ಇದ್ದರೆ ಅದರ ಬುಡದಲ್ಲಿ ಗಾಳಿ ಕಿಂಡಿ ಬಿಡಲೇಬೇಕು. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಈ ನಂಬರನ್ನು ಕಪಾಟಿನ ಬಾಗಿಲಿಗೆ ಅಂಟಿಸಿಡಿ.

ಮಿಕ್ಸಿ, ಫ್ರಿಡ್ಜ್, ಓವನ್ ಒಂದೇ ಪ್ಲಗ್ಗಿನಲ್ಲಿ ಜೋತು ಬಿದ್ದಿದ್ದರೆ ಇಲೆಕ್ಟ್ರೀಷಿಯನ್ ಕರೆಸಿ ಬೇರೆ ಬೇರೆ ಮಾಡಿಸಿ. ಅರ್ತಿಂಗ್ ಸರಿ ಇದೆಯೇ ನೋಡಿಸಿ, ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಚಂಡಿ ಕೈಗೆ ಶಾಕ್ ತಾಗಿದರೆ ಜೀವ ಉಳಿಸುವುದು ಅದು. ಮಾಡ್ಯುಲರ್ ಕಪಾಟಿಗೆ ಮುಂಚೆ ಖರ್ಚು ಮಾಡಬೇಕಾದ್ದು ಇದಕ್ಕೆ.

ಬಾಡಿಗೆ ಮನೆಯವರು

ಫ್ಲ್ಯಾಟಿನಲ್ಲಿ ಬಾಡಿಗೆಗೆ ಇರುವವರು ಗೋಡೆ ಮುಟ್ಟುವಂತಿಲ್ಲ. ಜಿಡ್ಡು ತೆಗೆಯುವುದು, ಸಿಲಿಕೋನ್, ನಳ್ಳಿಯ ವಾಶರ್, ಹ್ಯಾಂಡಲ್, ಪ್ಲಗ್ಗಿಗೆ ಸಿಕ್ಕಿಸುವ ಪಟ್ಟಿ ದೀಪ ಇಷ್ಟು ಮಾಡಬಹುದು. ಹಳೆ ಹ್ಯಾಂಡಲ್ ತೆಗೆದಿಡಿ, ಮನೆ ಬಿಡುವಾಗ ಮತ್ತೆ ಹಾಕಿ ಹೊಸದನ್ನು ಕೊಂಡುಹೋಗಬಹುದು. ಅದಕ್ಕಿಂತ ಹೆಚ್ಚಿನದಕ್ಕೆ ಮನೆ ಯಜಮಾನರನ್ನು ಕೇಳಿ. ಸಾಮಾನು ಅವರದು, ಕೈಕೆಲಸ ನಮ್ಮದು ಎಂದರೆ ಒಪ್ಪುವವರು ಇದ್ದಾರೆ.

ಯಾವುದು ಮೊದಲು?

ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಮನೆಯಲ್ಲಿ ಊಟ ನಿಲ್ಲುತ್ತದೆ. ಮೊದಲ ವಾರ ಖಾಲಿ ಮಾಡಿ ಜಿಡ್ಡು ತೆಗೆಯಿರಿ. ಎರಡನೇ ವಾರ ಸೋರುವುದು, ಚಂಡಿ, ಗ್ಯಾಸ್, ಕರೆಂಟ್. ಮೂರನೇ ವಾರ ಸಂದು ಮತ್ತು ಸಿಲಿಕೋನ್. ನಾಲ್ಕನೇ ವಾರ ಗೋಡೆ, ಬಾಗಿಲು. ದೀಪ ಕೊನೆಗೆ. ಹೆಚ್ಚಿನ ಕೆಲಸ ನೂರರ ಲೆಕ್ಕದಲ್ಲಿ ಮುಗಿಯುತ್ತದೆ, ಪೇಂಟ್ ಮತ್ತು ವಯರಿಂಗ್ ಮಾತ್ರ ಸಾವಿರಕ್ಕೆ ಹೋಗುತ್ತದೆ. ರಮಳಾನಿಗೆ ಒಂದೂವರೆ ತಿಂಗಳು ಇರುವಾಗ ಶುರು ಮಾಡಿದರೆ ಮೊದಲ ಇಫ್ತಾರಿಗೆ ಪೇಂಟಿನ ವಾಸನೆಯೂ ಹೋಗಿರುತ್ತದೆ. ಆ ಹೊತ್ತು ಮಳೆಗಾಲಕ್ಕೆ ಬಿದ್ದರೆ ಪೇಂಟ್ ಒಂದನ್ನು ಡಿಸೆಂಬರಿಗೆ ಬಿಟ್ಟು ಉಳಿದದ್ದು ಮಾಡಿ.

ಕೈಕೆಲಸವನ್ನು ಹೆಂಗಸರ ತಲೆಗೇ ಕಟ್ಟಬೇಡಿ. ರಜೆಯಲ್ಲಿ ಮೊಬೈಲ್ ಹಿಡಿದು ಕೂತ ಹುಡುಗರ ಕೈಗೂ ಎಮ್ರಿ ಪೇಪರ್ ಬರಲಿ, ಗಲ್ಫಿನಿಂದ ಬಂದ ಅಣ್ಣನೂ ಒಂದು ಬಾಗಿಲು ಬಿಚ್ಚಲಿ. ಆದರೆ ಯಾವ ಬಣ್ಣ, ಯಾವ ಶೆಲ್ಫ್ ಎಲ್ಲಿ, ದೀಪ ಯಾವ ಬದಿಗೆ ಎಂಬುದನ್ನು ಅಲ್ಲಿ ದಿನಾ ನಿಲ್ಲುವವರೇ ಹೇಳಬೇಕು. ಒಂದು ತಿಂಗಳ ರಜೆಗೆ ಬಂದವರು ತಮ್ಮ ಕಣ್ಣಿಗೆ ಚಂದ ಕಂಡದ್ದು ಮಾಡಿಸಿ ವಿಮಾನ ಹತ್ತುತ್ತಾರೆ. ಎತ್ತರದ ಕಪಾಟಿಗೆ ಕೈ ಎಟುಕದೆ ಹನ್ನೊಂದು ತಿಂಗಳು ಸ್ಟೂಲ್ ಹತ್ತಿ ಇಳಿಯುವವರು ಬೇರೆ. ಅಳತೆ ಟೇಪ್ ಹಿಡಿಯುವ ಮೊದಲು ಉಮ್ಮನನ್ನೂ ಹೆಂಡತಿಯನ್ನೂ ಕಟ್ಟೆಯ ಮುಂದೆ ನಿಲ್ಲಿಸಿ ಒಂದು ಮಾತು ಕೇಳಿ: "ಇಲ್ಲಿ ನಿಮಗೆ ಕಷ್ಟ ಯಾವುದು?" ಅವರು ಹೇಳಿದ ಮೊದಲ ಮೂರು ಸಂಗತಿ ಬರೆದುಕೊಳ್ಳಿ. ಕೆಲಸ ಅಲ್ಲಿಂದಲೇ ಶುರುವಾಗಲಿ.